ಹದಿನೆಂಟನೇ ನಂಬರ್ ಜೇಮ್ಸ್ ಯಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನಿಲಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವನು ನಾನು. ಬರುವಾಗ ಒಣ ಮಾವಿನ ಹಣ್ಣಿನ ಪ್ಯಾಕೆಟ್ಟಿನ ಜೊತೆ ಅಲ್ಲಿನ ಬಾಸ್ಕೆಟ್‌ಬಾಲ್ ಹುಚ್ಚನ್ನೂ ತಂದೆ. ಮಾವು ಮೊದಲ ವಾರಕ್ಕೇ ಖಾಲಿ. ಹುಚ್ಚು ಇನ್ನೂ ಇಳಿದಿಲ್ಲ. ಜೇಮ್ಸ್ ಯಾಪ್ ಹೆಸರು ನನ್ನ ಬಾಯಲ್ಲಿ ಜಾಸ್ತಿ ಬರುವುದರಿಂದ ಗೆಳೆಯರು, ನೆಂಟರು, ಪತ್ರ ಬರೆಯುವವರು ಎಲ್ಲರೂ ಸುಮಾರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ.

## ಹೆಸರು ಈಗಷ್ಟೇ ಕೇಳಿದವರಿಗೆ

ಯಾರು ಸಾರ್ ಈ ಜೇಮ್ಸ್ ಯಾಪ್? ನಾವು ಕೇಳೇ ಇಲ್ಲ.

ಫಿಲಿಪ್ಪೀನ್ಸ್‌ನ ಬಾಸ್ಕೆಟ್‌ಬಾಲ್ ಆಟಗಾರ. ಹುಟ್ಟಿದ್ದು 1982ರ ಫೆಬ್ರುವರಿ 15ರಂದು. ಎತ್ತರ ಆರಡಿ ಎರಡಿಂಚು. 2004ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಪಿಬಿಎಗೆ ಕಾಲಿಟ್ಟರು. ಎರಡು ಸಲ ಲೀಗ್‌ನ ಅತ್ಯುತ್ತಮ ಆಟಗಾರ, ಅಂದರೆ ಎಂವಿಪಿ ಆದರು. ಏಳು ಸಲ ಕಪ್ ಗೆದ್ದರು. ನಮ್ಮಲ್ಲಿ ಹೆಸರು ಕೇಳದೇ ಇರುವುದು ಸಹಜ. ಅಲ್ಲಿ ಮಾತ್ರ ತರಕಾರಿ ಮಾರುವ ಅಜ್ಜಿಗೂ ಗೊತ್ತು.

ಶೂಟಿಂಗ್ ಗಾರ್ಡ್ ಅಂದ್ರೆ ಏನು? ಗೋಲ್ ಕಾಯೋದಾ?

ಅಲ್ಲ, ಹೆಸರು ಹಾಗೆ ದಾರಿ ತಪ್ಪಿಸುತ್ತದೆ. ಬಾಸ್ಕೆಟ್‌ಬಾಲ್‌ನಲ್ಲಿ ಅಂಕಣದ ಮೇಲೆ ಐದು ಜನ. ಚೆಂಡು ತಂದು ಆಟ ಕಟ್ಟುವವನು ಪಾಯಿಂಟ್ ಗಾರ್ಡ್. ಅವನ ಪಕ್ಕದವನು ಶೂಟಿಂಗ್ ಗಾರ್ಡ್. ದೂರದಿಂದ ಗುರಿ ಇಟ್ಟು ಹಾಕುವುದು ಇವನ ಮೊದಲ ಕೆಲಸ. ಹೇಳುವುದಕ್ಕೆ ಸುಲಭ. ಆದರೆ ಇವನು ಅರ್ಧ ಆಟ ಚೆಂಡಿಲ್ಲದೇ ಓಡುತ್ತಿರುತ್ತಾನೆ. ಜೊತೆಗಾರ ಗೋಡೆಯ ಹಾಗೆ ಅಡ್ಡ ನಿಂತಿರುತ್ತಾನೆ, ಇವನು ಅವನ ಭುಜ ಸವರಿಕೊಂಡು ಆಚೆ ಬಂದು, ಚೆಂಡು ಹಿಡಿದು, ಎದುರಾಳಿಯ ಕೈ ಮೇಲೇಳುವಷ್ಟರಲ್ಲಿ ಎಸೆದಿರಬೇಕು. ತಪ್ಪಿದರೂ ಮುಂದಿನದನ್ನು ಹೆದರದೇ ಎಸೆಯಬೇಕು. ಸಂಕೋಚದ ಮನುಷ್ಯನಿಗೆ ಈ ಜಾಗ ಆಗಿಬರಲ್ಲ.

ಅಲ್ಲಿಯವರು ನಮ್ಮಷ್ಟೇ ಎತ್ತರ ಅಲ್ವಾ? ಆದ್ರೂ ಯಾಕೆ ಈ ಆಟದ ಹುಚ್ಚು?

ಇದನ್ನು ಅವರನ್ನೇ ಕೇಳಿದ್ದೇನೆ. ನಕ್ಕು ಸುಮ್ನಾಗುತ್ತಾರೆ. ಚರಿತ್ರೆ ಹೇಳುವುದಾದರೆ, ಕಳೆದ ಶತಮಾನದ ಮೊದಲಲ್ಲಿ ಅಮೆರಿಕದವರು ಆಳುವಾಗ ಶಾಲೆಗಳ ಮೂಲಕ ಈ ಆಟ ತಂದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಫಿಲಿಪ್ಪೀನ್ಸ್ ಐದನೇ ಸ್ಥಾನ ಪಡೆಯಿತು. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿತು. ಅಷ್ಟು ಸಾಕಾಯಿತು, ದೇಶವೇ ಮರುಳಾಯಿತು.

ಈಗ ಗಲ್ಲಿಗೊಂದು ಚೆಂಡು ಹಾಕುವ ಬಳೆ ನೇತಾಡುತ್ತದೆ. ನಾನಿದ್ದ ಬೀದಿಯಲ್ಲಿ ಕರೆಂಟ್ ಕಂಬಕ್ಕೆ ಹಲಗೆ ಹೊಡೆದು, ಕಬ್ಬಿಣದ ಸರಳು ಬಗ್ಗಿಸಿ ಬಳೆ ಮಾಡಿದ್ದರು. ಬಲೆ ಇರಲಿಲ್ಲ. ಹುಡುಗರು ಹವಾಯಿ ಚಪ್ಪಲಿಯಲ್ಲೇ ಆಡುತ್ತಿದ್ದರು. ಚಪ್ಪಲಿ ಕಿತ್ತರೆ ಬರಿಗಾಲು. ಟ್ರೈಸಿಕಲ್, ಅಂದರೆ ಅಲ್ಲಿನ ಆಟೋ, ಬಂದರೆ ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಪಕ್ಕಕ್ಕೆ ಸರಿಯುವುದು, ಅದು ಹೋದ ಮೇಲೆ ನಿಲ್ಲಿಸಿದ ಕಡೆಯಿಂದ ಶುರು. ನಮ್ಮ ಗಲ್ಲಿ ಕ್ರಿಕೆಟ್ ನೋಡಿದವರಿಗೆ ಬೇರೆ ವಿವರಣೆ ಬೇಡ.

ಪಿಬಿಎ ಅಂದ್ರೆ ಅವರ ಐಪಿಎಲ್ಲಾ?

ಅರ್ಧ ಹೌದು. 1975ರಲ್ಲಿ ಶುರುವಾದ ಇದು ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ಆದರೆ ತಂಡಗಳಿಗೆ ಊರಿಲ್ಲ. ಬೆಂಗಳೂರು, ಚೆನ್ನೈ ಅನ್ನುವ ಹಾಗೆ ಮನಿಲಾ ತಂಡ, ಸೆಬು ತಂಡ ಅಂತ ಇಲ್ಲ. ತಂಡ ಅಂದರೆ ಕಂಪನಿ. ಬಿಯರ್ ಕಂಪನಿಯ ತಂಡ, ಜಿನ್ ಬ್ರ್ಯಾಂಡಿನ ತಂಡ, ಪೇಂಟ್ ಕಂಪನಿಯ ತಂಡ. ಒಂದು ವರ್ಷಕ್ಕೆ ಸಾಮಾನ್ಯವಾಗಿ ಮೂರು ಕಪ್. ಫಿಲಿಪ್ಪೀನ್ ಕಪ್‌ನಲ್ಲಿ ಬರೀ ಸ್ಥಳೀಯರು. ಕಮಿಷನರ್ಸ್ ಕಪ್, ಗವರ್ನರ್ಸ್ ಕಪ್ ಎರಡರಲ್ಲಿ ತಂಡಕ್ಕೊಬ್ಬ ವಿದೇಶಿ ಆಟಗಾರ. ಅವನನ್ನು ಇಂಪೋರ್ಟ್ ಅಂತಲೇ ಕರೆಯುತ್ತಾರೆ, ಸಾಮಾನಿನ ಹಾಗೆ. ಸಾಮಾನ್ಯವಾಗಿ ಅವನ ಎತ್ತರಕ್ಕೂ ಮಿತಿ ಇಟ್ಟಿರುತ್ತಾರೆ. ಅಳತೆ ಪಟ್ಟಿ ಹಿಡಿದು ಅಳೆದೇ ಒಳಗೆ ಬಿಡುವುದು.

## ಊರು, ಮನಿಲಾ, ಅಂಗಿ

ದೊಡ್ಡ ಊರಿನ ಹುಡುಗನಾ? ಹೇಗೆ ಮೇಲೆ ಬಂದ್ರು?

ನೆಗ್ರೋಸ್ ದ್ವೀಪದ ಎಸ್ಕಲಾಂಟೆ ಊರಿನವರು. ಕಬ್ಬು ಬೆಳೆಯುವ ಸೀಮೆ. ಮನಿಲಾದಿಂದ ಸಮುದ್ರ ದಾಟಿ ಹೋಗಬೇಕು. ಹೈಸ್ಕೂಲಿಗೆ ಪಕ್ಕದ ದ್ವೀಪದ ಇಲೋಯ್ಲೊ ನಗರಕ್ಕೆ ಬಂದರು, ಅಲ್ಲಿಂದ ಮನಿಲಾದ ಯೂನಿವರ್ಸಿಟಿ ಆಫ್ ದಿ ಈಸ್ಟ್. ಈ ಕಾಲೇಜು ಬಾಸ್ಕೆಟ್‌ಬಾಲ್‌ಗೆ ಹೆಸರುವಾಸಿ. ಪಿಬಿಎಯ ಹಳೆಯ ತಾರೆಗಳಾದ ರಾಬರ್ಟ್ ಜವೋರ್ಸ್ಕಿ, ಅಲನ್ ಕೈಡಿಕ್ ಇಬ್ಬರೂ ಇಲ್ಲಿನವರೇ. 2003ರಲ್ಲಿ ಯಾಪ್ ಅಂತರ ಕಾಲೇಜು ಲೀಗ್‌ನ ಎಂವಿಪಿ ಆದರು. ಅದೇ ಹೊತ್ತಿಗೆ ವೃತ್ತಿಪರರಲ್ಲದವರ ಲೀಗ್‌ನಲ್ಲಿ ವೆಲ್‌ಕೋಟ್ ಅನ್ನುವ ಪೇಂಟ್ ಕಂಪನಿ ತಂಡಕ್ಕೂ ಆಡಿದರು. ಈ ಪೇಂಟ್ ಕಂಪನಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಒಂದು ಮಾತು ಸೇರಿಸಬೇಕು. ಆಗ ಪಿಬಿಎಯಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಫಿಲಿಪ್ಪೀನ್ಸ್ ಮೂಲದ ಆಟಗಾರರು ತುಂಬಿಕೊಂಡಿದ್ದರು. ಅವರ ಮಧ್ಯೆ ಕಬ್ಬಿನ ಸೀಮೆಯಿಂದ ಬಂದ ಹುಡುಗನೊಬ್ಬ ಮಿಂಚಿದರೆ ಜನ ಎತ್ತಿ ಆಡಿಸದೇ ಇರುತ್ತಾರಾ? ಯಾಪ್ ಮೇಲಿನ ಪ್ರೀತಿಯಲ್ಲಿ ಅರ್ಧ ಪಾಲು ಇದೇ ಅಂತ ನನ್ನ ಲೆಕ್ಕ.

ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವರೇ ಅಲ್ವಾ?

ಅಲ್ಲ, ಎರಡನೆಯವರು. ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. 2004ರ ಡ್ರಾಫ್ಟ್‌ನಲ್ಲಿ ಶೆಲ್ ತಂಡ ಮೊದಲು ರಿಚ್ ಅಲ್ವಾರೆಝ್‌ರನ್ನು ಎತ್ತಿಕೊಂಡಿತು. ಎರಡನೇ ಸರದಿಯ ಪ್ಯೂರ್‌ಫುಡ್ಸ್ ಯಾಪ್‌ರನ್ನು ತೆಗೆದುಕೊಂಡಿತು. ಅದೇ ವರ್ಷ ಪ್ಯೂರ್‌ಫುಡ್ಸ್‌ನ ದೊಡ್ಡ ಮರ, ನಾಲ್ಕು ಸಲ ಎಂವಿಪಿ ಆಗಿದ್ದ ಆಲ್ವಿನ್ ಪ್ಯಾಟ್ರಿಮೋನಿಯೊ ಆಟ ನಿಲ್ಲಿಸಿದ್ದರು. 1988ರಿಂದ ಕೊನೆಯವರೆಗೂ ಅವರು ಅದೊಂದೇ ತಂಡಕ್ಕೆ ಆಡಿದವರು. ಅಂಥ ಜಾಗಕ್ಕೆ ಇಪ್ಪತ್ತೆರಡು ವರ್ಷದ ಹುಡುಗ ಬಂದು ಕೂತ.

ಯಾಪ್ ಎಷ್ಟು ತಂಡಕ್ಕೆ ಆಡಿದ್ದಾರೆ? ಒಂದೊಂದು ವಿಡಿಯೋದಲ್ಲಿ ಒಂದೊಂದು ಹೆಸರಿನ ಅಂಗಿ ಇದೆಯಲ್ಲ!

ಇದು ನನಗೆ ಅತಿ ಇಷ್ಟದ ಪ್ರಶ್ನೆ. ಆ ಅಂಗಿಗಳಲ್ಲಿ ಮುಕ್ಕಾಲು ಪಾಲು ಒಂದೇ ತಂಡದವು!

ತಂಡದ ಹೆಸರು ಅಂದರೆ ಜಾಹೀರಾತು. ಕಂಪನಿ ಯಾವ ಸರಕು ಮಾರಬೇಕು ಅಂದುಕೊಳ್ಳುತ್ತದೋ ಆ ಹೆಸರು ಎದೆ ಮೇಲೆ ಬರುತ್ತದೆ. ಯಾಪ್ ಬಂದಾಗ ಪ್ಯೂರ್‌ಫುಡ್ಸ್ ತಂಡದ ಹೆಸರು ಟಿಜೆ ಹಾಟ್‌ಡಾಗ್ಸ್. ಟಿಜೆ ಅಂದರೆ ಟೆಂಡರ್ ಜ್ಯೂಸಿ. ಎರಡು ಮೀಟರ್ ಎತ್ತರದ ಗಂಡಸರು ಸಾಸೇಜಿನ ಹೆಸರು ಹೊತ್ತು ಓಡಾಡುತ್ತಿದ್ದರು. ಆಮೇಲೆ ಚಂಕಿ ಅನ್ನುವ ಡಬ್ಬಿ ಮಾಂಸದ ಹೆಸರಲ್ಲಿ ಚಂಕಿ ಜಯಂಟ್ಸ್. ಆಮೇಲೆ ಟೆಂಡರ್ ಜ್ಯೂಸಿ ಜಯಂಟ್ಸ್. 2010ರಲ್ಲಿ ಬಿ-ಮೆಗ್ ಡರ್ಬಿ ಏಸ್ ಯಮಾಡೋಸ್. ಇದಕ್ಕೆ ಸ್ವಲ್ಪ ವಿವರಣೆ ಬೇಕು. ಬಿ-ಮೆಗ್ ಅನ್ನುವುದು ಪಶು ಆಹಾರದ ಬ್ರ್ಯಾಂಡು. ಡರ್ಬಿ ಏಸ್ ಅಂದರೆ ಅಂಕದ ಕೋಳಿಗೆ ಹಾಕುವ ಮೇವು. ಯಮಾಡೋ ಅಂದರೆ ಕೋಳಿ ಅಂಕದಲ್ಲಿ ಜನ ಜಾಸ್ತಿ ಬಾಜಿ ಕಟ್ಟುವ ಹುಂಜ. ನಮ್ಮ ಕರಾವಳಿಯವರಿಗೆ ಹೇಳಿದರೆ ತಕ್ಷಣ ಅರ್ಥ ಆಗುತ್ತದೆ, ಬೆಂಗಳೂರಿನವರಿಗೆ ಹತ್ತು ನಿಮಿಷ ಬೇಕು.

ಮುಗಿಯಲಿಲ್ಲ. ಆಮೇಲೆ ಸ್ಯಾನ್ ಮಿಗ್ ಕಾಫಿ ಮಿಕ್ಸರ್ಸ್, ಅದಕ್ಕೊಂದು ಸೂಪರ್ ಸೇರಿಸಿ ಸ್ಯಾನ್ ಮಿಗ್ ಸೂಪರ್ ಕಾಫಿ ಮಿಕ್ಸರ್ಸ್, ಆಮೇಲೆ ಪ್ಯೂರ್‌ಫುಡ್ಸ್ ಸ್ಟಾರ್ ಹಾಟ್‌ಶಾಟ್ಸ್, ಕೊನೆಗೆ ಬರೀ ಸ್ಟಾರ್ ಹಾಟ್‌ಶಾಟ್ಸ್. ಸ್ಟಾರ್ ಅಂದರೆ ತಾರೆ ಅಂದುಕೊಳ್ಳಬೇಡಿ, ಬ್ರೆಡ್ಡಿಗೆ ಹಚ್ಚುವ ಮಾರ್ಗರಿನ್. ಈಗ ಅದೇ ತಂಡ ಮ್ಯಾಗ್ನೋಲಿಯಾ.

ಹನ್ನೆರಡು ವರ್ಷದಲ್ಲಿ ಇಷ್ಟು ಹೆಸರು. ಬದಲಾಗದೇ ಇದ್ದದ್ದು ಬೆನ್ನ ಮೇಲಿನ 18. ನಮ್ಮ ಬೀದಿಯ ಅಂಗಡಿಯವನನ್ನು ಇವತ್ತು ಯಾರ ಮ್ಯಾಚು ಅಂತ ಕೇಳಿದರೆ ತಂಡದ ಹೆಸರು ಹೇಳುತ್ತಿರಲಿಲ್ಲ. "ಜೇಮ್ಸ್‌ದು" ಅನ್ನುತ್ತಿದ್ದ. ಪಾಪ, ಅವನಿಗೂ ಈ ವರ್ಷ ಕಾಫಿಯೋ ಕೋಳಿ ಮೇವೋ ಗೊತ್ತಿರುತ್ತಿರಲಿಲ್ಲ.

ರೋಜರ್ ಯಾಪ್ ಇವರ ಅಣ್ಣನಾ?

ಅಲ್ಲ. ಒಂದೇ ಅಡ್ಡಹೆಸರು, ಕೆಲವು ವರ್ಷ ಒಂದೇ ತಂಡ, ಅಷ್ಟೇ. ಯಾಪ್ ಅನ್ನುವುದು ಚೀನಾ ಮೂಲದ ಹೆಸರು. ಅಲ್ಲಿ ಸಾಕಷ್ಟು ಜನರಿಗಿದೆ.

ಎರಡು ಎಂವಿಪಿ ಯಾವಾಗ ಬಂತು?

2006 ಮತ್ತು 2010. ಈ ಪ್ರಶಸ್ತಿಗೆ ಅಂಕಿಅಂಶದ ಜೊತೆ ಪತ್ರಕರ್ತರ, ಆಟಗಾರರ ಮತವೂ ಸೇರುತ್ತದೆ. ಎರಡೂ ಸೀಸನ್‌ನಲ್ಲಿ ತಂಡ ಫಿಲಿಪ್ಪೀನ್ ಕಪ್ ಗೆದ್ದಿತ್ತು. 2006ರಲ್ಲಿ ಫೈನಲ್ ಸರಣಿಯ ಎದುರಾಳಿ ರೆಡ್ ಬುಲ್, ಗೆದ್ದದ್ದು ನಾಲ್ಕು-ಎರಡು ಮ್ಯಾಚಿನಿಂದ. 2010ರಲ್ಲಿ ಅಲಾಸ್ಕ ತಂಡವನ್ನು ನಾಲ್ಕು-ಸೊನ್ನೆಯಲ್ಲಿ ಗುಡಿಸಿ ಹಾಕಿದರು. ಆ ಅಲಾಸ್ಕದ ಕೋಚ್ ಯಾರು ಗೊತ್ತಾ? ಟಿಮ್ ಕೋನ್. ಮುಂದಿನ ವರ್ಷವೇ ಅವರು ಯಾಪ್‌ನ ಕೋಚ್ ಆಗಿ ಬಂದರು.

ಅವರ ಹೆಂಡತಿ ರಾಷ್ಟ್ರಾಧ್ಯಕ್ಷರ ಮಗಳಂತೆ, ನಿಜನಾ?

ಆಗ ನಿಜ. 2005ರಲ್ಲಿ ಯಾಪ್ ಮದುವೆಯಾದದ್ದು ಕ್ರಿಸ್ ಅಕಿನೋರನ್ನು. ಆಕೆ ಟಿವಿ ನಿರೂಪಕಿ, ನಟಿ. ತಾಯಿ ಕೊರಜೋನ್ ಅಕಿನೋ ರಾಷ್ಟ್ರಾಧ್ಯಕ್ಷೆ ಆಗಿದ್ದವರು. ಅಣ್ಣ ಬೆನಿಗ್ನೊ ಅಕಿನೋ 2010ರಲ್ಲಿ ರಾಷ್ಟ್ರಾಧ್ಯಕ್ಷರಾದರು. ಅದೇ ವರ್ಷ ಗಂಡ ಹೆಂಡತಿ ಬೇರೆಯಾದರು, 2012ರಲ್ಲಿ ಮದುವೆ ರದ್ದಾಯಿತು. ಒಬ್ಬ ಮಗ ಇದ್ದಾನೆ. ಈ ಮದುವೆಯಿಂದ ಯಾಪ್ ಹೆಸರು ಕ್ರೀಡಾ ಪುಟದಿಂದ ಮುಖಪುಟಕ್ಕೆ ಬಂತು, ಬಾಸ್ಕೆಟ್‌ಬಾಲ್ ನೋಡದವರೂ ಅವರ ಬಗ್ಗೆ ಮಾತಾಡಿದರು. ನನಗೆ ಇದರಲ್ಲಿ ಕುತೂಹಲದ ಸಂಗತಿ ಒಂದೇ. ಮನೆಯ ಜಗಳ ಟಿವಿಯಲ್ಲಿ ಬರುತ್ತಿದ್ದ 2010ರಲ್ಲೇ ಅವರು ಎರಡನೇ ಎಂವಿಪಿ ಪಡೆದರು. ಮಿಕ್ಕದ್ದು ಅವರವರ ಮನೆ ವಿಷಯ.

## ಆಟ ಗೊತ್ತಿರುವವರಿಗೆ

ಅವರ ಶಾಟ್‌ನಲ್ಲಿ ಅಂಥದ್ದೇನಿದೆ?

ಅಂಕಣದ ಬಲಗಡೆ ಬದಿಯಲ್ಲಿ ಚೆಂಡು ಸಿಕ್ಕಿತು ಅಂದುಕೊಳ್ಳಿ. ಮೊದಲು ಒಂದು ಕಾಲನ್ನು ಮುಂದೆ ಚುಚ್ಚಿದಂತೆ ಇಡುತ್ತಾರೆ. ಕಾಯುವವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಚೆಂಡು ಮೇಲೆ ಹೋಗಿಯಾಯಿತು. ಅವನು ಹಿಂದೆ ಸರಿಯದಿದ್ದರೆ ಚೆಂಡನ್ನು ಒಂದೇ ಸಲ ಪುಟಿಸಿ, ಪಕ್ಕಕ್ಕೆ ಜಾರಿ, ದೇಹವನ್ನು ಹಿಂದಕ್ಕೆ ವಾಲಿಸಿ ಎಸೆತ. ಹತ್ತಿರ ನುಗ್ಗಿದಾಗ ಮಾತ್ರ ಏನು ಮಾಡುತ್ತಾರೆ ಅಂತ ಹೇಳಲು ಆಗಲ್ಲ. ಗಾಳಿಯಲ್ಲಿ ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಬಳೆಯ ಆಚೆ ಬದಿಯಿಂದ ಹಾಕುತ್ತಾರೆ. "ಹತ್ತು ಲಕ್ಷ ಪಟ್ಟಿನವ" ಅನ್ನುವ ಅರ್ಥದ ಅಡ್ಡಹೆಸರು ಅದಕ್ಕೇ ಬಂದದ್ದು. ಇನ್ನೊಂದು ಅಡ್ಡಹೆಸರು ಬಿಗ್ ಗೇಮ್ ಜೇಮ್ಸ್. ದೊಡ್ಡ ಮ್ಯಾಚಿನಲ್ಲಿ ಕೈ ಬಿಡದವನು ಅಂತ.

ದೋಷ ಇಲ್ಲವೇ? ಇದೆ. ಕೆಟ್ಟ ಶಾಟ್ ಜಾಸ್ತಿ ಹೊಡೆಯುತ್ತಿದ್ದರು. ಇಬ್ಬರು ಮೈಮೇಲೆ ಬಿದ್ದಿದ್ದಾಗ ಪಾಸ್ ಕೊಡುವುದು ಬಿಟ್ಟು ತಾವೇ ಎಸೆಯುತ್ತಿದ್ದರು. ಬಿದ್ದರೆ ಸಿಳ್ಳೆ, ತಪ್ಪಿದರೆ ಬೈಗುಳ.

ಟಿಮ್ ಕೋನ್ ಬಂದ ಮೇಲೆ ಯಾಪ್ ಡಲ್ ಆದ್ರು ಅಂತಾರಲ್ಲ?

ಅಂಕ ಮಾತ್ರ ನೋಡಿದರೆ ಹಾಗನ್ನಿಸುತ್ತದೆ. ನಾನು ಒಪ್ಪಲ್ಲ. ಕೋನ್ ತಂದದ್ದು ಟ್ರಯಾಂಗಲ್ ಆಟ. ಮೂವರು ಆಟಗಾರರು ಒಂದು ಬದಿಯಲ್ಲಿ ತ್ರಿಕೋನವಾಗಿ ನಿಲ್ಲುತ್ತಾರೆ, ಚೆಂಡು ಒಬ್ಬನ ಕೈಯಲ್ಲಿ ನಿಲ್ಲದೇ ಸುತ್ತುತ್ತದೆ. ಅಲ್ಲಿವರೆಗೆ "ಚೆಂಡು ಜೇಮ್ಸ್‌ಗೆ ಕೊಡಿ, ಉಳಿದವರು ದಾರಿ ಬಿಡಿ" ಅನ್ನುತ್ತಿದ್ದ ತಂಡ ಅದು. ಈಗ ಜೊತೆ ಆಟಗಾರರಾದ ಮಾರ್ಕ್ ಬರೋಕಾ, ಪಿ.ಜೆ. ಸೈಮನ್, ಮಾರ್ಕ್ ಪಿಂಗ್ರಿಸ್ ಎಲ್ಲರಿಗೂ ಪಾಲು ಬಂತು. ಯಾಪ್ ಪಾಲು ಕಮ್ಮಿಯಾಯಿತು. ಎರಡು ಸಲ ಎಂವಿಪಿ ಆದವನು ಇದಕ್ಕೆ ಮುಖ ಊದಿಸಿಕೊಂಡು ಕೂರಬಹುದಿತ್ತು.

ಈಗ ಕಪ್ ಎಣಿಸಿ. ಕೋನ್ ಬರುವ ಮೊದಲು ಏಳು ವರ್ಷದಲ್ಲಿ ಎರಡು. ಬಂದ ಮೇಲೆ ಮೂರು ವರ್ಷದಲ್ಲಿ ಐದು: 2012ರ ಕಮಿಷನರ್ಸ್, 2013ರ ಗವರ್ನರ್ಸ್, ಮತ್ತೆ 2013-14ರಲ್ಲಿ ಮೂರಕ್ಕೆ ಮೂರೂ. ಒಂದೇ ಸೀಸನ್‌ನಲ್ಲಿ ಮೂರೂ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್. ಅದಕ್ಕೂ ಮೊದಲು ಲೀಗ್ ಚರಿತ್ರೆಯಲ್ಲಿ ಅದು ಆಗಿದ್ದು ನಾಲ್ಕೇ ಸಲ: ಕ್ರಿಸ್ಪಾ 1976 ಮತ್ತು 1983, ಸ್ಯಾನ್ ಮಿಗೆಲ್ 1989, ಕೋನ್ ಅವರದೇ ಅಲಾಸ್ಕ 1996. ಯಾಪ್‌ನ ಅತಿ ಒಳ್ಳೆಯ ವರ್ಷಗಳು ಯಾವುವು ಅಂದರೆ ನಾನು ಎಂವಿಪಿ ವರ್ಷಗಳನ್ನಲ್ಲ, ಈ ಮೂರು ವರ್ಷಗಳನ್ನೇ ತೋರಿಸುತ್ತೇನೆ.

ದೇಶಕ್ಕಾಗಿ ಏನು ಗೆದ್ದರು?

ಏಷ್ಯಾ ಮಟ್ಟದಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ. 2009ರಲ್ಲಿ ಚೀನಾದ ತಿಯಾನ್‌ಜಿನ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಆಡಿದರು. ಯೆಂಗ್ ಗಿಯಾವೊ ಕೋಚ್. ತಂಡ ಎಂಟನೇ ಸ್ಥಾನಕ್ಕೆ ಇಳಿಯಿತು. 2013ರಲ್ಲಿ ಮನಿಲಾದಲ್ಲೇ ನಡೆದ ಟೂರ್ನಿಯಲ್ಲಿ ಫಿಲಿಪ್ಪೀನ್ಸ್ ಬೆಳ್ಳಿ ಗೆದ್ದು ವಿಶ್ವಕಪ್‌ಗೆ ಹೋಯಿತು, ಆ ತಂಡದಲ್ಲಿ ಯಾಪ್ ಇರಲಿಲ್ಲ. ಅವರ ಅಭಿಮಾನಿಗಳು ಈ ಪ್ರಶ್ನೆ ಬಂದಾಗ ಮಾತು ಬದಲಿಸುತ್ತಾರೆ. ಬದಲಿಸಬೇಕಾಗಿಲ್ಲ. ಅವರ ರಾಜ್ಯ ಪಿಬಿಎ ಒಳಗೇ ಇತ್ತು.

ಅಲನ್ ಕೈಡಿಕ್ ದೊಡ್ಡವರಾ, ಯಾಪ್ ದೊಡ್ಡವರಾ?

ಬರೀ ಗುರಿ ಅಂದರೆ ಕೈಡಿಕ್, ಅನುಮಾನವೇ ಬೇಡ. 1991ರ ನವೆಂಬರ್ 21ರಂದು ಒಂದೇ ಮ್ಯಾಚಿನಲ್ಲಿ 79 ಅಂಕ ಹೊಡೆದ ಎಡಗೈ ಮಾಂತ್ರಿಕ. ಆ ದಿನ ಹದಿನೇಳು ಮೂರಂಕದ ಶಾಟ್, ಅಂದರೆ ದೂರದ ಗೆರೆಯಾಚೆಯಿಂದ ಹಾಕಿ ಮೂರು ಅಂಕ ಪಡೆಯುವ ಎಸೆತ, ಬಿದ್ದವು. ಸ್ಥಳೀಯ ಆಟಗಾರನೊಬ್ಬ ಒಂದು ಮ್ಯಾಚಿನಲ್ಲಿ ಅಷ್ಟು ಅಂಕ ಗಳಿಸಿದ್ದು ಬೇರೆ ಇಲ್ಲ. ವೃತ್ತಿಯಲ್ಲಿ ಒಟ್ಟು 1,242 ಮೂರಂಕ. ಅದನ್ನು 2016ರಲ್ಲಿ ಜಿಮ್ಮಿ ಅಲಾಪಾಗ್ ದಾಟಿದರು, ಅಲಾಪಾಗ್‌ರನ್ನು 2024ರಲ್ಲಿ ಮಾರ್ಸಿಯೊ ಲಾಸಿಟರ್ ದಾಟಿದರು. ಯಾಪ್ ಕೂಡ ಸಾವಿರ ದಾಟಿದವರ ಗುಂಪಿನಲ್ಲಿದ್ದಾರೆ, ಆದರೆ ತಲೆಯ ಮೇಲಲ್ಲ.

ಕೈಡಿಕ್ ಶೂಟರ್. ಯಾಪ್ ಬರೀ ಶೂಟರ್ ಅಲ್ಲ, ನುಗ್ಗಿ ಹಾಕುವವರೂ ಹೌದು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ವಾದ ರಾತ್ರಿ ಹನ್ನೊಂದರ ಮೇಲೆ ಚೆನ್ನಾಗಿರುತ್ತದೆ, ಬೆಳಿಗ್ಗೆ ಅಲ್ಲ.

ಒಂದೇ ಕಂಪನಿಗೆ ಮೂರು ತಂಡ ಅಂತೆ. ಹಾಗಾದ್ರೆ ಎಲ್ಲಾ ಮೊದಲೇ ಮಾತಾಡಿಕೊಂಡಿರ್ತಾರಾ?

ಸ್ಯಾನ್ ಮಿಗೆಲ್ ಕಾರ್ಪೊರೇಷನ್‌ಗೆ ಮೂರು ತಂಡ ಇರುವುದು ನಿಜ. ಸ್ಯಾನ್ ಮಿಗೆಲ್ ಬಿಯರ್, ಹಿನೆಬ್ರಾ, ಮತ್ತು 2001ರಲ್ಲಿ ಕೊಂಡ ಪ್ಯೂರ್‌ಫುಡ್ಸ್. ತಮಾಷೆ ಅಂದರೆ ಲೀಗ್‌ನ ದೊಡ್ಡ ವೈರ ಇವುಗಳಲ್ಲೇ ಎರಡರ ಮಧ್ಯೆ. ಹಿನೆಬ್ರಾ ಎದುರು ಪ್ಯೂರ್‌ಫುಡ್ಸ್ ಮ್ಯಾಚಿಗೆ ಮನಿಲಾ ಕ್ಲಾಸಿಕೊ ಅಂತಲೇ ಹೆಸರು, ಕ್ರಿಸ್‌ಮಸ್ ದಿನ ಇಡುತ್ತಾರೆ. ಅವತ್ತು ಒಂದೇ ಮನೆಯಲ್ಲಿ ಅಪ್ಪ ಒಂದು ಕಡೆ, ಮಗ ಒಂದು ಕಡೆ. ಆಟ ಮೊದಲೇ ತೀರ್ಮಾನ ಅನ್ನುವುದು ಸೋತವರ ಮಾತು. ಆದರೆ ಒಳ್ಳೆಯ ಆಟಗಾರರು ಕೊನೆಗೆ ದೊಡ್ಡ ಗುಂಪುಗಳ ತಂಡಕ್ಕೇ ಸೇರುತ್ತಾರೆ ಅನ್ನುವ ದೂರು ಸುಮ್ನೆ ಹುಟ್ಟಿದ್ದಲ್ಲ. ಚಿಕ್ಕ ತಂಡಗಳ ಅಭಿಮಾನಿಗಳ ಹೊಟ್ಟೆಯುರಿಗೆ ಕಾರಣ ಇದೆ.

ಅಷ್ಟು ದೊಡ್ಡ ಆಟಗಾರನನ್ನ 2016ರಲ್ಲಿ ಬಿಟ್ಟುಕೊಟ್ಟಿದ್ದು ಯಾಕೆ?

ವಯಸ್ಸು. ಯಾಪ್‌ಗೆ ಮೂವತ್ತನಾಲ್ಕು, ಮೈಯಲ್ಲಿ ಪೆಟ್ಟು. ಅತ್ತ ರೇನ್ ಆರ್ ಶೈನ್ ತಂಡದ ಪಾಲ್ ಲೀ ಏಳು ವರ್ಷ ಚಿಕ್ಕವನು. ಒಬ್ಬನಿಗೆ ಒಬ್ಬ, ಅದಲು ಬದಲು. ಆಗ ಸ್ಟಾರ್ ತಂಡದ ಮ್ಯಾನೇಜರ್ ಪ್ಯಾಟ್ರಿಮೋನಿಯೊ. ತಾವು ಒಂದೇ ತಂಡದಲ್ಲಿ ಆಟ ಮುಗಿಸಿದವರು, ತಮ್ಮ ಜಾಗಕ್ಕೆ ಬಂದವನಿಗೆ ಆ ಭಾಗ್ಯ ಕೊಡಲು ಆಗಲಿಲ್ಲ. ಲೆಕ್ಕದಲ್ಲಿ ವ್ಯಾಪಾರ ಸರಿ. ಅಭಿಮಾನಿಗಳಿಗೆ ಮಾತ್ರ ಮನೆ ಮಗನನ್ನು ಕಳಿಸಿದ ಹಾಗಾಯಿತು. ಹೋದ ಜಾಗವೂ ಪೂರ್ತಿ ಹೊಸದಲ್ಲ. ರೇನ್ ಆರ್ ಶೈನ್ ಅಂದರೆ ಅದೇ ಹಳೇ ವೆಲ್‌ಕೋಟ್ ಪೇಂಟಿನವರ ತಂಡ. ಕಾಲೇಜು ದಿನಗಳ ಧಣಿಗಳ ಹತ್ತಿರವೇ ವಾಪಸ್ಸು ಬಂದರು.

ಈಗ ರಾಜಕೀಯದಲ್ಲಿದ್ದಾರಂತೆ?

2022ರಲ್ಲಿ ಮನಿಲಾ ಪಕ್ಕದ ಸಾನ್ ಹುವಾನ್ ನಗರದ ಕೌನ್ಸಿಲರ್ ಆಗಿ ಗೆದ್ದರು. ಅಲ್ಲಿ ಇದು ಹೊಸದಲ್ಲ, ಜವೋರ್ಸ್ಕಿ ಸೆನೆಟರ್ ಆಗಿದ್ದರು, ಕೋಚ್ ಗಿಯಾವೊ ಸಂಸದರಾಗಿದ್ದರು. ಯಾಪ್ ವಿಶೇಷ ಏನಂದರೆ ಕೌನ್ಸಿಲರ್ ಆದಮೇಲೂ ಆಡಿದರು. 2024ರಲ್ಲಿ, ನಲವತ್ತೆರಡು ದಾಟಿದ ಮೇಲೆ, ಬ್ಲ್ಯಾಕ್‌ವಾಟರ್ ತಂಡ ಸೇರಿದರು. ಅದು ಗಂಡಸರ ಸೆಂಟಿನ ಬ್ರ್ಯಾಂಡು. ಸಾಸೇಜು, ಕೋಳಿ ಮೇವು, ಕಾಫಿ, ಮಾರ್ಗರಿನ್, ಪೇಂಟು ಆದಮೇಲೆ ಸೆಂಟು.

ಒಂದೇ ಒಂದು ಮ್ಯಾಚ್ ನೋಡೋಕೆ ಟೈಮ್ ಇದೆ. ಯಾವುದು?

2014ರ ಜುಲೈ 9. ಗವರ್ನರ್ಸ್ ಕಪ್ ಫೈನಲ್‌ನ ಐದನೇ ಮ್ಯಾಚು. ಸ್ಯಾನ್ ಮಿಗ್ ಕಾಫಿ ಎದುರು ರೇನ್ ಆರ್ ಶೈನ್. ಸರಣಿ ಎರಡು-ಎರಡು. ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್, ಸೋತರೆ ಏನೂ ಇಲ್ಲ.

ನಾನು ನೋಡಿದ್ದು ಬೀದಿ ಬದಿಯ ಊಟದ ಅಂಗಡಿಯಲ್ಲಿ. ಗೋಡೆಗೆ ಹೊಡೆದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಚಿಕ್ಕ ಟಿವಿ. ಅಂಗಡಿಯ ಆಂಟಿ ಅನ್ನ ಬಡಿಸುವ ಸೌಟು ಹಿಡಿದೇ ನಿಂತಿದ್ದರು. ಕೊನೆಯ ಕ್ಷಣಗಳಲ್ಲಿ ಕಾಫಿ ತಂಡ 93, ಪೇಂಟ್ ತಂಡ 90. ಆಗ ಮೂರಂಕದ ಗೆರೆಯ ಹೊರಗೆ ಫೌಲ್. ಪಾಲ್ ಲೀಗೆ ಮೂರು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ, ತಲಾ ಒಂದು ಅಂಕದ ಎಸೆತ. ಮೂರೂ ಬಿದ್ದರೆ ಸಮ. ಅಂಗಡಿಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಮೊದಲನೆಯದೇ ತಪ್ಪಿತು.

93-92. ಆಂಟಿ ಸೌಟು ಎಸೆದು ಪಕ್ಕದ ಗಿರಾಕಿಯನ್ನು ತಬ್ಬಿಕೊಂಡರು. ಟಿವಿಯಲ್ಲಿ ಒಂದು ಕಡೆ ಯಾಪ್ ಕುಣಿಯುತ್ತಿದ್ದರು, ಇನ್ನೊಂದು ಕಡೆ ಲೀ ತಲೆ ತಗ್ಗಿಸಿ ನಡೆಯುತ್ತಿದ್ದ. ಎರಡು ವರ್ಷದ ಮೇಲೆ ಇಬ್ಬರೂ ಅಂಗಿ ಅದಲು ಬದಲು ಮಾಡಿಕೊಳ್ಳುತ್ತಾರೆ ಅಂತ ಆ ಅಂಗಡಿಯಲ್ಲಿ ಹೇಳಿದ್ದರೆ ನನಗೆ ಅವತ್ತು ಊಟ ಸಿಗುತ್ತಿರಲಿಲ್ಲ.